ಚಿತ್ರ ಜೋಡಿಸುತ್ತಿದ್ದ ಅತ್ತೆಗೆ

ಅತ್ತೆ,

ನಿಮ್ಮ ದೊಡ್ಡ ಸೊಸೆ ಸವಿತಾ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲಿ ನಿಮ್ಮ ಕ್ಷೇಮ ಕೇಳಿದ್ದೆ, ಆಮೇಲೆ ಹೊಡೆದುಹಾಕಿದೆ. ನಿಮ್ಮ ಕ್ಷೇಮ ಕೇಳಲು ನನಗೆ ಯಾವ ಮುಖವಿದೆ? ನೀವು ಹೋಗಿ ಹತ್ತು ತಿಂಗಳಾಯಿತು. ಹೇಳದೆ ಉಳಿಸಿಕೊಂಡ ಒಂದು ಮಾತು ಅಷ್ಟು ದಿನದಿಂದಲೂ ಹಳಸಿದ ಅನ್ನದ ಹಾಗೆ ಗಂಟಲಲ್ಲಿ ನಿಂತಿದೆ. ನುಂಗುವುದಕ್ಕೂ ಆಗುತ್ತಿಲ್ಲ, ಉಗಿಯುವುದಕ್ಕೂ ಆಗುತ್ತಿಲ್ಲ. ಅದನ್ನು ನಿಮ್ಮ ಮುಂದೆಯೇ ಉಗಿದುಬಿಡೋಣ ಎಂದು ಕೂತಿದ್ದೇನೆ.

ಮೊದಲ ಸಲ ನಿಮಗೆ ಹಾಗಾದ ದಿನ ನೆನಪಿದೆಯಾ? ಹುಣಸೂರಿನ ನನ್ನ ತವರಿನಲ್ಲಿ ತಮ್ಮನ ಮಗುವಿನ ನಾಮಕರಣ ಮುಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವು. ಜನ ಮೈಮೇಲೆ ಬೀಳುವಷ್ಟು ತುಂಬಿದ್ದರು. ನೀವು ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದಿರಿ. ನಿಮ್ಮ ಅಂಗೈ ತಣ್ಣಗೆ ಒದ್ದೆಯಾಗಿತ್ತು. "ಸವಿತಾ, ಎದೆ ಒಳ್ಗೆ ಯಾರೋ ಓಡ್ತಾವ್ರೆ ಕಣವ್ವ, ನಿಲ್ತಾನೇ ಇಲ್ಲ" ಎಂದಿರಿ. ಬಸ್ಸು ನಿಲ್ಲಿಸಿ, ಬೇಲಿ ಪಕ್ಕ ಕೂರಿಸಿ, ಸೆರಗಿನಲ್ಲಿ ಗಾಳಿ ಹಾಕಿದೆ. ಹಾರ್ಟು ಅಂದುಕೊಂಡೆವು. ಎಚ್.ಡಿ. ಕೋಟೆಯಲ್ಲಿ ಇಸಿಜಿ ಮಾಡಿಸಿದರೆ ಎಲ್ಲ ಸರಿಯಾಗಿತ್ತು. ಡಾಕ್ಟರು, "ಇದು ಆತಂಕದ ಕಾಯಿಲೆ, ಮಾತ್ರೆ ಬರ್ಕೊಡ್ತೀನಿ. ಜೊತೆಗೆ ಇವರ ಕೈಗೂ ತಲೆಗೂ ಒಟ್ಟಿಗೆ ಹಿಡಿಸೋ ಅಂಥ ಏನಾದ್ರೂ ಒಂದು ಹುಡುಕಿ" ಎಂದರು. ನೀವು ಹೊರಗೆ ಬಂದು ನನ್ನನ್ನು ಕೇಳಿದಿರಿ, "ಎದೆ ಸರಿಯಾಗೈತೆ ಅಂದ್ರೆ ಓಡ್ತಾ ಇರೋದು ಯಾರು ಅಂಗಾದ್ರೆ?"

ಮನೆಯಲ್ಲಿ ಈ ವಿಷಯ ಹೇಳಿದ ಸಂಜೆಯೂ ಕಣ್ಣಮುಂದಿದೆ. ನಿಮ್ಮ ಮಗಳು ಮಣಿ ಕೆ.ಆರ್. ನಗರದಿಂದ ಫೋನಿನಲ್ಲಿದ್ದಳು. "ಅಯ್ಯೋ, ಮಾಡಕ್ ಕೆಲ್ಸ ಇಲ್ದೋರಿಗೆ ಬರೋ ಕಾಯ್ಲೆ ಕಣ್ ಅತ್ತಿಗೆ ಅದು. ಅವ್ವನ್ನ ಒಂದ್ ಹದಿನೈದು ದಿನ ಹೊಲಕ್ಕೆ ಕಳಿಸಿ" ಎಂದಳು. ನಲವತ್ತು ವರ್ಷ ಹೊಲ ಮಾಡಿ ಸೊಂಟ ಬಾಗಿದವರಿಗೆ ಆ ಮಾತು. ನಿಮ್ಮ ದೊಡ್ಡ ಮಗ, ನನ್ನ ಗಂಡ ಮಹದೇವ, ಗೂಡ್ಸ್ ಆಟೊ ತೊಳೆಯುತ್ತಾ ಅಲ್ಲಿಂದಲೇ, "ಯಾರ ಕಣ್ಣಾದ್ರೂ ಬಿದ್ದಿರ್ತದೆ, ಮೆಣಸಿನಕಾಯಿ ನೀವಾಳಿಸು" ಎಂದರು. ನೀವಾಳಿಸಿದೆ. ಆ ಘಾಟಿಗೆ ನೀವು ಕೆಮ್ಮಿ ಕೆಮ್ಮಿ ಸೋತಿರಿ. ಗ್ಯಾಸಿನ ಗುಬ್ಬಿ ತಿರುಗಿಸಿದೆಯಾ, ಕದದ ಚಿಲಕ ಬಿದ್ದಿದೆಯಾ ಎಂದು ನೀವು ಮತ್ತೆ ಮತ್ತೆ ನೋಡುವುದು, ಮಗನ ಆಟೊ ಅರ್ಧ ಗಂಟೆ ತಡವಾದರೆ ರಸ್ತೆಗೆ ಹೋಗಿ ನಿಲ್ಲುವುದು, ಲೋಟ ಹಿಡಿದರೆ ನೀರು ತುಳುಕುವುದು, ಯಾವುದೂ ಕಡಿಮೆಯಾಗಲಿಲ್ಲ.

ಕೈಗೆ ಏನು ಕೊಡುವುದು ಎಂದು ನಾನು ಪಟ್ಟ ಪಾಡನ್ನು ನೀವೇ ನೋಡಿದ್ದೀರಿ. ಮೊದಲು ಕನಕಾಂಬರ ತಂದು ಮೊರದ ತುಂಬ ಸುರಿದೆ. ಒಂದು ಗಂಟೆಯಲ್ಲಿ ಹತ್ತು ಮೊಳ ಕಟ್ಟಿಟ್ಟು, "ಇದು ಆಗಕ್ಕಿಲ್ಲ ಕಣವ್ವ. ಕೈ ಅದರ ಪಾಡಿಗೆ ಅದು ಕಟ್ತದೆ, ತಲೆ ಅದರ ಪಾಡಿಗೆ ಅದು ಸುತ್ತಕ್ ಓಯ್ತದೆ" ಎಂದಿರಿ. ಅಟ್ಟದಿಂದ ಅಳಿಗುಳಿ ಮಣೆ ಇಳಿಸಿದೆ. ಅದಕ್ಕೆ ಎದುರಿಗೆ ಇನ್ನೊಬ್ಬರು ಬೇಕು. ನಾನು ಅಂಗನವಾಡಿಗೆ ಹೋದ ಮೇಲೆ ನಿಮ್ಮೆದುರು ಕೂರುವವರು ಯಾರು? ಹಾಗಿರುವಾಗ ಒಂದು ಶನಿವಾರ ನಮ್ಮ ಅಂಗನವಾಡಿಯ ಮರದ ಚಿತ್ರಗಳನ್ನು ಬಣ್ಣ ಹಚ್ಚಲು ಮನೆಗೆ ತಂದಿದ್ದೆ. ಹಸು, ಗಿಳಿ, ಬಸ್ಸು. ಒಂದೊಂದರಲ್ಲಿ ಆರೇಳು ಚೂರು. ಮಕ್ಕಳು ಮೂರು ವರ್ಷಕ್ಕೇ ಜೋಡಿಸುವಂಥವು. ಬಣ್ಣ ಒಣಗಿದ ಮೇಲೆ ನೀವು ಹಸುವನ್ನು ಮುಂದಕ್ಕೆ ಎಳೆದುಕೊಂಡಿರಿ. ಕೊಂಬನ್ನು ಬಾಲದ ಹತ್ತಿರ ಇಟ್ಟು ನೋಡಿದಿರಿ, ತೆಗೆದಿರಿ, ತಿರುಗಿಸಿದಿರಿ. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಮೂರೂ ಮುಗಿದಿದ್ದವು. ನೀವು ತಲೆಯೆತ್ತಿ, "ಇನ್ನ ದೊಡ್ಡದು ಐತಾ?" ಎಂದು ಕೇಳಿದಿರಿ.

ನೂರು ಚೂರಿನದನ್ನು ಹುಣಸೂರಿನಿಂದ ತಂದೆ. ಅದು ನಾಲ್ಕು ದಿನ ಬಂತು. ಆಮೇಲೆ ಐನೂರರದು. ಯಾವುದೋ ದೇಶದ ಹಿಮದ ಬೆಟ್ಟ, ಕೆಳಗೆ ಕೆರೆ, ಕೆರೆಯಲ್ಲಿ ಅದೇ ಬೆಟ್ಟದ ನೆರಳು. "ಇದೇನು ಮಂಜೋ, ಸುಣ್ಣ ಬಳಿದವ್ರೋ" ಎಂದು ನಕ್ಕಿರಿ. ರಾಗಿ ಮೂಟೆ ಇಡುವ ಹಿಂದಿನ ಕೋಣೆಯಲ್ಲಿ ಹಳೇ ಹಲಗೆ ಹಾಸಿಕೊಂಡು, ಊಟವಾದ ಮೇಲೆ ಎರಡು ಗಂಟೆಗೆ ಕೂತರೆ ನಾನು ಬರುವವರೆಗೂ ಅಲ್ಲೇ. ಅವರೆಕಾಳು ಆರಿಸುವ ಹಾಗೆ ಬಣ್ಣ ಬಣ್ಣದ ಗುಡ್ಡೆ ಮಾಡುತ್ತಿದ್ದಿರಿ. ಅಂಚಿನವು ಮೊದಲು, ನೀರು ಆಮೇಲೆ, ಆಕಾಶ ಕಟ್ಟಕಡೆಗೆ. ಒಂದು ಭಾನುವಾರ ನಾನು ಪಕ್ಕದಲ್ಲಿ ಕೂತು, ಇದರಲ್ಲಿ ಅಂಥದ್ದೇನಿದೆ ಎಂದು ಕೇಳಿದ್ದೆ. ನೀವು ಚೂರಿನಿಂದ ಕಣ್ಣು ತೆಗೆಯದೆ ಹೇಳಿದ ಮಾತು ಇದು: "ಇದ್ನ ಮಾಡ್ವಾಗ ತಲೇಲಿ ಒಂದೇ ವಿಸ್ಯ ಇರ್ತದೆ ಕಣವ್ವ. ಈ ಚೂರು ಎಲ್ಲಿಗೆ ಅಂತ. ಮಹದೇವ ಎಲ್ಲವ್ನೆ, ಗ್ಯಾಸ್ ಆರ್ಸಿದ್ನಾ, ನಾಳೆ ಏನಾಯ್ತದೆ, ಅದ್ಯಾವ್ದೂ ಒಳಕ್ ಬರಕ್ಕಿಲ್ಲ. ಜಾಗ ಇರಕ್ಕಿಲ್ಲ ಅವಕ್ಕೆ." ಆಮೇಲೆ ಮೆಲ್ಲಗೆ, "ಕಾಯ್ಲೆ ಓಯ್ತು ಅಂತಲ್ಲ. ಆ ಎರಡು ಗಂಟೆ ಕೂತ್ಕಂತದೆ ಅದು. ಅಷ್ಟೇ ಸಾಕು" ಎಂದಿರಿ. ಮಾತ್ರೆಯನ್ನೂ ತಪ್ಪಿಸಲಿಲ್ಲ. ಮೂರು ತಿಂಗಳಲ್ಲಿ ನೀವು ಒಬ್ಬರೇ ಕೋಟೆಗೆ ಬಸ್ಸಿನಲ್ಲಿ ಹೋಗಿಬಂದಿರಿ. ಅವತ್ತು ನನಗೆ ಜಿಲೇಬಿ ತಂದಿದ್ದಿರಿ.

ಇನ್ನು ಆ ಗೌರಿ ಹಬ್ಬದ ಮಧ್ಯಾಹ್ನ. ಇದನ್ನು ಬರೆಯುವ ಮೊದಲು ಎದ್ದು ಹೋಗಿ ಬಾಯಿ ಮುಕ್ಕಳಿಸಿಕೊಂಡು ಬಂದೆ. ಮಣಿ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಪಿರಿಯಾಪಟ್ಟಣದಿಂದ ನಿಮ್ಮ ಚಿಕ್ಕಮಗ ಪ್ರಸನ್ನ, ಮೊಬೈಲ್ ಅಂಗಡಿಗೆ ಬೀಗ ಹಾಕಿಕೊಂಡು ಬಂದಿದ್ದ. ಟಿವಿ ಒಂದು ಕಡೆ, ಕುಕ್ಕರು ಒಂದು ಕಡೆ, ಮಕ್ಕಳ ಕಿರುಚಾಟ ಒಂದು ಕಡೆ. ಒಬ್ಬಟ್ಟು ಬಡಿಸುತ್ತಿದ್ದ ನಿಮ್ಮ ಕೈ ನಡುಗತೊಡಗಿದ್ದನ್ನು ನಾನು ನೋಡಿದೆ. ನೀವು ತಟ್ಟೆ ಇಟ್ಟು ಸುಮ್ಮನೆ ಹಿಂದಿನ ಕೋಣೆಗೆ ಎದ್ದುಹೋದಿರಿ. ಹಿಮದ ಬೆಟ್ಟ ಅವತ್ತು ಮುಗಿಯುವುದರಲ್ಲಿತ್ತು. ಆಕಾಶದ ಇಪ್ಪತ್ತು ಇಪ್ಪತ್ತೈದು ಚೂರು ಬಾಕಿ ಇತ್ತು, ಅಷ್ಟೇ.

ಪ್ರಸನ್ನ ನಗೆ ವಿಡಿಯೊ ಮಾಡಿ ಹಾಕುತ್ತಾನೆಂದು ನಮಗೆಲ್ಲ ಗೊತ್ತಿತ್ತು. ಅಂಗಡಿಗೆ ಬಂದವರನ್ನು ಬೆಚ್ಚಿಬೀಳಿಸುವುದು, ಹೆಂಡತಿಯ ಕಾಫಿಗೆ ಉಪ್ಪು ಹಾಕುವುದು, ಹೀಗೆ. ಅವನು ನೀರು ಕುಡಿಯುವ ನೆಪದಲ್ಲಿ ನಿಮ್ಮ ಕೋಣೆಗೆ ಬಂದ. ಬಗ್ಗಿ, "ಏನವ್ವ, ಮುಗೀತಾ ಬಂತಾ?" ಎಂದು ಕೇಳಿದ. ನೀವು ಖುಷಿಯಿಂದ "ಇವತ್ತು ಮುಗ್ಸ್ತೀನಿ ಕಣ್ಲಾ" ಎಂದಿರಿ. ಆ ಮಾತಿನ ನಡುವೆಯೇ ಅವನು ಒಂದು ಚೂರನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ. ನಾನು...

ನಾನು ಮುಗುಳ್ನಕ್ಕೆ, ಅತ್ತೆ. ಗಂಟಲಲ್ಲಿ ನಿಂತಿರುವ ಮಾತು ಇದೇ. ನಾನು ಅಲ್ಲೇ ಇದ್ದೆ. ನೋಡಿದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಎರಡು ಗಂಟೆ ನಿಮಗೆ ಏನೆಂದು ಆ ಮನೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಉಳಿದವರು ತಿಳಿಯದೆ ನಕ್ಕರು ಅನ್ನಬಹುದು. ನಾನು ತಿಳಿದೂ ನಕ್ಕೆ. ಯಾಕೆ? ಹಬ್ಬದ ಮನೆಯಲ್ಲಿ ಮೈದುನನ ತಮಾಷೆ ಕೆಡಿಸಿದವಳು ಅನ್ನಿಸಿಕೊಳ್ಳಬಾರದು ಅಂತಲಾ? ಅಷ್ಟಕ್ಕೇನಾ?

ಬಾಗಿಲಿನ ಸಂದಿಯಿಂದ ಅವನು ಫೋನು ಹಿಡಿದು ನಿಂತ. ನಾವೆಲ್ಲ ಅವನ ಬೆನ್ನ ಹಿಂದೆ. ಒಂದೊಂದೇ ಚೂರು ಕೂರಿಸುತ್ತಾ, ನಡುವೆ ಲೋಟ ಎತ್ತಿ ನೀರು ಕುಡಿಯುತ್ತಾ, ನೀವು ಚೂರುಗಳ ಜೊತೆ ಮಾತಾಡುತ್ತಿದ್ದಿರಿ. "ಬಾ ಕಂದ, ನೀ ಎಲ್ಲಿಯವ್ನು, ಓ ಇಲ್ಲಿಯವ್ನಾ." ಕೊನೆಗೆ ಒಂದು ಕಿಂಡಿ ಉಳಿಯಿತು. ನೀವು ಹಲಗೆ ಸುತ್ತ ನೋಡಿದಿರಿ. ಚಾಪೆ ಎತ್ತಿದಿರಿ. ಸೀರೆ ನೆರಿಗೆ ಕೊಡವಿದಿರಿ. ಮಂಡಿಯೂರಿ ಮಂಚದ ಕೆಳಗೆ ನುಸುಳಿದಿರಿ. ಸೊಂಟ ನೋವಿಗೆ ಬೆಳಗ್ಗೆ ತಾನೆ ಎಣ್ಣೆ ಹಚ್ಚಿದ್ದೆ ನಿಮಗೆ. ರಾಗಿ ಮೂಟೆ ಸರಿಸಿದಿರಿ. ಉಸಿರು ಮೇಲೆ ಕೆಳಗೆ ಆಗತೊಡಗಿತು. "ನಾನೇ ಕಳ್ಕಂಡೆ, ನಾನೇ ಕಳ್ಕಂಡೆ" ಎಂದು ಎದೆ ಹಿಡಿದುಕೊಂಡು ಅಳತೊಡಗಿದಿರಿ. ನಮ್ಮ ಮನೆಯವರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಗುತ್ತಿದ್ದರು. ಮಣಿ ಹೊಟ್ಟೆ ಹಿಡಿದುಕೊಂಡಿದ್ದಳು. ಆಗ ಅವನು ಒಳಗೆ ಹೋಗಿ, "ಇಗಾ ಅವ್ವ, ನಿನ್ ಆಕಾಶ" ಎಂದು ಜೇಬಿನಿಂದ ತೆಗೆದುಕೊಟ್ಟ. ನೀವು ಅವನನ್ನು ನೋಡಿದಿರಿ. ಬಾಗಿಲಲ್ಲಿ ನಮ್ಮನ್ನೆಲ್ಲ ನೋಡಿದಿರಿ. ಆಮೇಲೆ ನೀವೂ ನಗಲು ನೋಡಿದಿರಿ. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, ನಡುಗುವ ತುಟಿಯಲ್ಲಿ. ನಿಮ್ಮನ್ನು ಅಳಿಸಿದ್ದಲ್ಲದೆ, ನಮ್ಮ ಮರ್ಯಾದೆ ಉಳಿಸಲು ನೀವೇ ನಗಬೇಕಾಯಿತಲ್ಲ.

ಮಾರನೆಯ ವಾರ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಮಗೆ ತಿಳಿಯಿತು. ಅವನು ವಿಡಿಯೊ ಹಾಕಿದ್ದು ನನಗೆ ಮೊದಲೇ ಗೊತ್ತಿತ್ತು. ಕೆಳಗೆ "ಹಂಪಾಪುರದ ಪಜಲ್ ಅಜ್ಜಿ" ಎಂದು ಬರೆದು, ಹಿನ್ನೆಲೆಗೆ ಕೋಳಿ ಕೂಗುವ ಶಬ್ದ ಸೇರಿಸಿದ್ದ. ನೀವು ಮಂಚದ ಕೆಳಗಿನಿಂದ ಹಿಂದಕ್ಕೆ ಸರಿಯುವುದನ್ನು ಎರಡು ಸಲ ಬರುವಂತೆ ಮಾಡಿದ್ದ. ನೆಂಟರ ಗ್ರೂಪಿನಲ್ಲಿ ಬಂದಾಗ ಎಲ್ಲರೂ ಕಣ್ಣಲ್ಲಿ ನೀರು ಬರುವ ನಗೆಮುಖ ಒತ್ತಿದರು. ನಾನೂ ಒತ್ತಿದೆ. ಸಾಲಿನಲ್ಲಿ ಮುಂದಿದ್ದ ಹೆಂಗಸೊಬ್ಬಳು ತಿರುಗಿ, "ಏನ್ ಚೂರಜ್ಜಿ, ಆಕಾಸ ಸಿಕ್ತಾ?" ಎಂದಳಂತೆ. ಅಕ್ಕಿ ಚೀಲ ಹಿಡಿದಿದ್ದವರೆಲ್ಲ ನಕ್ಕರಂತೆ. ನೀವು ಅಕ್ಕಿ ತಂದು, ಡಬ್ಬಕ್ಕೆ ಸುರಿದು, ಕೈ ತೊಳೆದು, ನನ್ನ ಹತ್ತಿರ ಬಂದು ಕೇಳಿದಿರಿ. "ಅದ್ನ ಎಲ್ಲಾರ್ಗೂ ತೋರ್ಸವ್ನಾ ಸವಿತಾ?"

ಹೂಂ ಎಂದೆ. ನೀವು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಟ್ಟ, ಕೆರೆ, ಆಕಾಶ ಎಲ್ಲವನ್ನೂ ಬಿಡಿಸಿ ಕವರಿಗೆ ಹಾಕಿ ಗಂಟು ಕಟ್ಟಿ, "ಅಂಗನವಾಡಿಗೆ ತಕ್ಕಂಡೋಗು. ಮಕ್ಕಳಿಗಾಯ್ತದೆ. ನಂಗ್ಯಾಕೆ ಈ ವಯಸ್ನಲ್ಲಿ" ಎಂದಿರಿ. ನಾನು ಬೇಡ ಎನ್ನಲು ಬಾಯಿ ತೆರೆದೆ. "ಬುಡವ್ವ" ಎಂದಿರಿ. ಅಷ್ಟೇ. ಮಧ್ಯಾಹ್ನ ಎರಡು ಗಂಟೆಗೆ ನೀವು ಮತ್ತೆ ರಸ್ತೆಗೆ ಹೋಗಿ ನಿಲ್ಲತೊಡಗಿದಿರಿ. ಮತ್ತೆ ಚಿಲಕ, ಮತ್ತೆ ಗ್ಯಾಸು. ಬಸ್ಸು ಹತ್ತುವುದು ನಿಂತಿತು. ನಾಲ್ಕು ತಿಂಗಳಿಗೆ ನೆಗಡಿ ಎಂದು ಮಲಗಿದವರು ಏಳಲಿಲ್ಲ. ಡಾಕ್ಟರು ನ್ಯುಮೋನಿಯಾ ಎಂದರು. ಅದು ನಿಜವೇ. ವಿಡಿಯೊದಿಂದ ನೀವು ಸತ್ತಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ನಾಲ್ಕು ತಿಂಗಳನ್ನು ನೀವು ಹೇಗೆ ಕಳೆದಿರಿ... ಅದನ್ನು ಯಾವ ಡಾಕ್ಟರು ಬರೆಯುತ್ತಾರೆ?

ನಿಮ್ಮನ್ನು ಮಣ್ಣು ಮಾಡಿ ಬಂದ ಮೂರನೇ ದಿನ, ಬೆಳಗಿನ ಕಾಫಿ ಕುಡಿಯುತ್ತಾ ಫೋನು ನೋಡಿದೆ. ನಿಮ್ಮ ಮಗ ಅದೇ ವಿಡಿಯೊವನ್ನು ಮತ್ತೆ ಹಾಕಿದ್ದ. ಈ ಸಲ ಕೋಳಿಯ ಶಬ್ದ ತೆಗೆದು ಕೊಳಲು ಸೇರಿಸಿದ್ದ. ನಿಮ್ಮ ಫೋಟೊಗೆ ಹಾರ, ಸುತ್ತ ಉದುರುವ ಗುಲಾಬಿ ದಳ. "ಮಿಸ್ ಯೂ ಅವ್ವ, ನಿನ್ನ ನಗು ಸದಾ ನಮ್ಮೊಂದಿಗೆ." ನಡುಗುವ ತುಟಿಯ ಆ ನಗುವನ್ನೇ ನಿಲ್ಲಿಸಿ ದೊಡ್ಡದು ಮಾಡಿ ತೋರಿಸಿದ್ದ. ಅದೇ ಜನ, ಮೊದಲು ನಗೆಮುಖ ಒತ್ತಿದವರೇ, ಈಗ ಅಳುಮುಖ ಒತ್ತಿದ್ದರು, ಕೈ ಮುಗಿದಿದ್ದರು. ನಾನು ಹಿತ್ತಲಿಗೆ ಓಡಿಹೋಗಿ ಕುಡಿದಿದ್ದನ್ನೆಲ್ಲ ಕಕ್ಕಿದೆ. ಹೇಸಿಗೆ ಎಂಬ ಮಾತನ್ನು ಅಲ್ಲಿಯವರೆಗೆ ಸುಮ್ಮನೆ ಆಡಿದ್ದೆ. ಅದು ಮೈಯೊಳಗಿಂದ ಬರುತ್ತದೆ ಎಂದು ಅವತ್ತು ತಿಳಿಯಿತು.

ಹನ್ನೊಂದನೇ ದಿನದ ಊಟಕ್ಕೆ ಎಲೆ ಹಾಕಿದ್ದಾಗ ನಾನು ಬಾಯಿ ಬಿಟ್ಟೆ. ಪ್ರಸನ್ನ ಯಾರೋ ನೆಂಟರಿಗೆ ಅದೇ ವಿಡಿಯೊ ತೋರಿಸುತ್ತಾ, "ಲಾಸ್ಟ್ ಹಬ್ಬದಲ್ಲಿ ಅವ್ವ ಎಷ್ಟು ಖುಷಿಯಾಗಿತ್ತು ನೋಡಿ" ಎನ್ನುತ್ತಿದ್ದ. ಸಾರಿನ ಬಕೆಟ್ಟು ಕೆಳಗಿಟ್ಟು ಕೇಳಿದೆ. "ಪ್ರಸನ್ನ, ಚೂರನ್ನ ಜೇಬಿಗೆ ಹಾಕ್ಕೊಂಡಿದ್ದು ಅದ್ರಲ್ಲಿ ಬಂದಿದ್ಯಾ? ಬಂದಿಲ್ಲ ಅಲ್ವಾ? ಅದನ್ನೂ ಹಾಕು."

ಅವನ ಮುಖ ಕೆಂಪಾಯಿತು. "ಅತ್ತಿಗೆ, ತಮಾಸೆಗೆ ಮಾಡಿದ್ದು. ಎಲ್ಲಾರೂ ನಗಾಡುದ್ರಿ. ನೀವು ನಗ್ನಿಲ್ವಾ?"

"ನಕ್ಕೆ. ಅದಕ್ಕೇ ಕೇಳ್ತಾ ಇರೋದು. ನಮ್ಮಿಬ್ಬರ ಮುಖಾನೂ ಹಾಕು. ಅವ್ವ ಒಬ್ರದ್ದೇ ಯಾಕೆ?"

"ಬುಡು ಸವಿತಾ, ಸಾವಿನ ಮನೇಲಿ" ಎಂದರು ನಿಮ್ಮ ದೊಡ್ಡ ಮಗ, ಎಲೆಯಿಂದ ತಲೆಯೆತ್ತದೆ. ಸಾವಿನ ಮನೆಯಲ್ಲಿ ತೋರಿಸಬಹುದು, ಕೇಳಬಾರದು. ಪ್ರಸನ್ನ ಫೋನು ನನ್ನೆದುರಿಗೆ ಹಿಡಿದು ಎರಡನ್ನೂ ಅಳಿಸಿದ. ಅಳಿಸಿ, "ನಾನ್ ಅಳ್ಸುದ್ರೆ ಓಯ್ತದಾ ಅತ್ತಿಗೆ? ಎಲ್ಲಾರ ಫೋನಲ್ಲೂ ಅದೆ" ಎಂದ. ಸೊಕ್ಕಿನಿಂದ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ. ಅವತ್ತಿನಿಂದ ಅವನ ಜೊತೆ ನಾನು ಮಾತಾಡಿಲ್ಲ. ನನ್ನ ಜೊತೆ ನಾನು ಮಾತಾಡಿಕೊಳ್ಳುವುದೂ ಹೆಚ್ಚುಕಮ್ಮಿ ನಿಂತಿದೆ. ಕನ್ನಡಿ ಮುಂದೆ ಬೊಟ್ಟಿಡುವಾಗ ಆ ಮುಗುಳ್ನಗೆ ಎಲ್ಲಿ ಕೂತಿತ್ತು ಎಂದು ಹುಡುಕುತ್ತೇನೆ.

ಹೋದ ತಿಂಗಳು ಒಂದು ಮಂಗಳವಾರ ಅಂಗನವಾಡಿಯಿಂದ ಬಂದಾಗ ನಮ್ಮ ಜಗುಲಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ನನ್ನ ವಯಸ್ಸಿನವರೇ. ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟಿದ್ದರು. ಹೆಸರು ಜಯಮ್ಮ, ಅಂತರಸಂತೆಯವರು. "ಆ ವೀಡಿಯಾದಲ್ಲಿ ಚಿತ್ರ ಜೋಡಿಸ್ತಿದ್ರಲ್ಲ ಅಜ್ಜಿ, ಅವರ ಮನೆ ಇದೇ ಅಂತ ಅಂಗಡಿಯೋರು ಹೇಳುದ್ರು" ಎಂದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೂರ ಬಸ್ಸು ಹತ್ತಿ ಬಂದು ನಗುವವರೂ ಇದ್ದಾರಾ?

"ಹೂಂ, ಇದೇ ಮನೆ. ಏನಾಗ್ಬೇಕು? ಫೋಟೊ ಹಿಡ್ಕೊಂಡು ಹೋಗಕ್ಕೆ ಬಂದ್ರಾ?" ಎಂದೆ.

ಅವರು ಬೆದರಿ ಎದ್ದು ನಿಂತರು. "ಇಲ್ಲ ಕಣಮ್ಮ. ಅಜ್ಜಿ ಮನೇಲವ್ರಾ? ಅವ್ರನ್ನ ಒಂದು ಮಾತು ಕೇಳ್ಬೇಕಿತ್ತು. ಅದು ಏನು, ಎಲ್ಲಿ ಸಿಕ್ತದೆ, ಎಂಗೆ ಸುರು ಮಾಡೋದು ಅಂತ."

ನೀವಿಲ್ಲ ಎಂದು ನಾನು ಹೇಳಬೇಕಾಯಿತು. ಅವರಿಗೆ ಗೊತ್ತಿರಲಿಲ್ಲ, ಅತ್ತೆ. ಎರಡನೇ ವಿಡಿಯೊ ಅವರ ಫೋನಿಗೆ ಬಂದಿರಲೇ ಇಲ್ಲ. ಪಕ್ಕದ ಕಂಬಕ್ಕೆ ಕೈ ಕೊಟ್ಟುಕೊಂಡು ಕೆಳಗೆ ಕೂತರು. ನೀರು ಕೊಟ್ಟೆ. ಕುಡಿದು ಹೇಳಿದರು. ಅವರ ಯಜಮಾನರು ಗಿರಿಯಪ್ಪ, ಕಾಡಿನಲ್ಲಿ ದಿನಗೂಲಿ ಕಾವಲಿಗೆ ಹೋಗುತ್ತಿದ್ದವರು. ಕಣ್ಣೆದುರೇ ಜೊತೆಗಾರನನ್ನು ಆನೆ ತುಳಿಯಿತಂತೆ. ಅಂದಿನಿಂದ ಕೆಲಸಕ್ಕೆ ಹೋಗಿಲ್ಲ. ಹೊರಗೆ ತಗಡು ಸದ್ದಾದರೆ ಮೂಲೆಗೆ ಹೋಗಿ ಕೂರುತ್ತಾರೆ. ಮೈಸೂರಿನಿಂದ ಮಾತ್ರೆ ತರಿಸುತ್ತಿದ್ದಾರೆ. ಆದರೆ ಕೈ ನಡುಕ ನಿಂತಿಲ್ಲ. ಅನ್ನದ ತುತ್ತು ಬಾಯಿಗೆ ಹೋಗುವ ಮೊದಲು ಅರ್ಧ ಚೆಲ್ಲುತ್ತದೆ.

"ಎಲ್ಲಾರೂ ಆ ವೀಡಿಯಾ ನೋಡಿ ನಗಾಡ್ತಿದ್ರು" ಎಂದರು ಜಯಮ್ಮ. "ನಾನು ಮುಂದ್ಕೆ ನೋಡ್ನಿಲ್ಲ ಕಣಮ್ಮ, ನೋಡಕ್ಕಾಗ್ನಿಲ್ಲ. ಸುರೂಲಿ ಅಜ್ಜಿ ಕೈ ಮಾತ್ರ ಕಾಣ್ತದಲ್ಲ, ಅಷ್ಟನ್ನೇ ತಿರುಗ್ಸಿ ತಿರುಗ್ಸಿ ನೋಡ್ದೆ. ಲೋಟ ಎತ್ತುವಾಗ ಅವ್ರ ಕೈ ನಡುಗ್ತದೆ. ಚೂರು ಎತ್ತುವಾಗ ನಡುಗಲ್ಲ. ನೀವು ನೋಡಿಲ್ವಾ?"

ನಾನು ನೋಡಿರಲಿಲ್ಲ. ಆ ಸುಡುಗಾಡು ವಿಡಿಯೊವನ್ನು ನಾವೆಲ್ಲ ಎಷ್ಟು ಸಲ ನೋಡಿದ್ದೆವು? ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವರು, ನಿಮ್ಮ ಅಡುಗೆ ತಿಂದವರು, ಮೂರು ತಿಂಗಳು ಪಕ್ಕದಲ್ಲಿ ಕೂತಿದ್ದ ನಾನು. ಕಂಡದ್ದು ಅಂತರಸಂತೆಯ ಗುರುತಿಲ್ಲದ ಹೆಂಗಸಿಗೆ. ನನ್ನ ಬಗ್ಗೆ ನನಗಿದ್ದ ಅಸಹ್ಯ ಅವತ್ತು ಇಮ್ಮಡಿಯಾಯಿತು. ಇನ್ನೊಂದು ಕಷ್ಟ ಕೇಳಿ: ಆ ಹೊಲಸು ಎಲ್ಲರ ಫೋನಿನಿಂದ ಅಳಿಸಿಹೋಗಲಿ ಎಂದು ದಿನಾ ಕೇಳಿಕೊಳ್ಳುತ್ತಿದ್ದೆ. ಅಳಿಸಿಹೋಗಿದ್ದರೆ ಈಯಮ್ಮ ನಮ್ಮ ಜಗುಲಿಗೆ ಬರುತ್ತಿರಲಿಲ್ಲ. ಹಾಗೆಂದು ಅದು ಒಳ್ಳೆಯದಾಯಿತು ಅನ್ನಲೇ? ನಾಲಿಗೆ ಹೊರಳುವುದಿಲ್ಲ. ಅದು ಹೊಲಸೇ.

ಆ ಭಾನುವಾರವೇ ಹುಣಸೂರಿಗೆ ಹೋದೆ. ಅಂಗಡಿಯಲ್ಲಿ ಮೂರೇ ಇದ್ದವು. ಮೊದಲನೆಯದನ್ನು ಅಂಗಡಿಯವನು ಹೆಮ್ಮೆಯಿಂದ ಮುಂದಿಟ್ಟ: ಕಾಡು, ಹೊಳೆ, ಆನೆ ಹಿಂಡು. "ಎಲ್ಲಾರೂ ಇದ್ನೇ ತಕ್ಕೊಳೋದು ಮೇಡಮ್" ಎಂದ. ನನಗೆ ಕೈ ಸೋಕಿಸಲೂ ಆಗಲಿಲ್ಲ. ಎರಡನೆಯದು ರೇಸು ಕಾರು. ಮೂರನೆಯದು ದೋಣಿಗಳು ನಿಂತ ಒಂದು ಕಡಲ ದಂಡೆ, ಇನ್ನೂರೈವತ್ತು ಚೂರು. ಅದನ್ನು ತಂದೆ. ಅಂತರಸಂತೆಯ ಬಸ್ಸು ಹತ್ತಿ ನಾನೇ ಕೊಟ್ಟುಬಂದೆ. ಗಿರಿಯಪ್ಪನವರು ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ನನ್ನನ್ನು ನೋಡಲಿಲ್ಲ. ಚೂರುಗಳನ್ನು ಮೊರಕ್ಕೆ ಸುರಿದು, ಅವರ ಪಕ್ಕ ಒಂದು ಮಾರು ದೂರದಲ್ಲಿಟ್ಟು, ನೀವು ಹೇಳುತ್ತಿದ್ದುದನ್ನು ಗೋಡೆಗೆ ಹೇಳಿದ ಹಾಗೆ ಹೇಳಿದೆ: ಅಂಚಿನವು ಮೊದಲು, ನೀರು ಆಮೇಲೆ, ಆಕಾಶ ಕಟ್ಟಕಡೆಗೆ. ಅವರು ಮಿಸುಕಲಿಲ್ಲ. "ಮಕ್ಕಳಾಟ ಇದು" ಎಂದು ಗೊಣಗಿದರು. ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಏನೂ ಆಗುವುದಿಲ್ಲ ಅಂದುಕೊಂಡೆ.

ಹತ್ತು ದಿನ ಬಿಟ್ಟು ಜಯಮ್ಮ ಫೋನು ಮಾಡಿದರು. ಆರು ದಿನ ಮೊರ ಇಟ್ಟ ಕಡೆಯೇ ಇತ್ತಂತೆ. ಏಳನೇ ದಿನ ಅವರು ಸಂತೆಗೆ ಹೋಗಿ ಬರುವಷ್ಟರಲ್ಲಿ ನೆಲದ ಮೇಲೆ ಒಂದು ಮೂಲೆ ಕೂಡಿತ್ತಂತೆ, ಒಂಬತ್ತು ಚೂರು. ಏನೂ ಗೊತ್ತಿಲ್ಲದವರ ಹಾಗೆ ಇವರು ಒಳಗೆ ಹೋಗಿ ಒಲೆ ಹಚ್ಚಿದರಂತೆ. ಈಗ ದಿನಾ ಮಧ್ಯಾಹ್ನ ಕೂರುತ್ತಾರೆ. ತಗಡು ಸದ್ದಾದರೆ ಇನ್ನೂ ಎದ್ದು ಮೂಲೆಗೆ ಹೋಗುತ್ತಾರೆ. ಸದ್ದು ನಿಂತ ಮೇಲೆ ವಾಪಸು ಬರುತ್ತಾರೆ. ವಾಪಸು ಬರುವುದು ಹೊಸದು ಎಂದರು ಜಯಮ್ಮ.

ನಿನ್ನೆ ಮತ್ತೆ ಹೋಗಿದ್ದೆ. ದೋಣಿಗಳು ಮುಗಿದಿದ್ದವು, ಮೇಲಿನ ನೀಲಿ ಬಾಕಿ ಇತ್ತು. ಗಿರಿಯಪ್ಪನವರು ಈ ಸಲ ನನ್ನ ಕಡೆ ತಿರುಗಿ ಕೂತಿದ್ದರು. "ಇದ್ನ ನಿಮ್ಗೆ ಯೋಳ್ಕೊಟ್ಟೋರು ಯಾರು?" ಎಂದು ಕೇಳಿದರು. ನಮ್ಮತ್ತೆ ಎಂದೆ. "ಅವ್ರ ಎಸ್ರು?"

ಅತ್ತೆ, ಲಕ್ಷಾಂತರ ಕಣ್ಣು ನೋಡಿದ ಆ ವಿಡಿಯೊದಲ್ಲಿ ಎಲ್ಲೂ ನಿಮ್ಮ ಹೆಸರಿರಲಿಲ್ಲ. ಪಜಲ್ ಅಜ್ಜಿ, ಚೂರಜ್ಜಿ, ಮಿಸ್ ಯೂ ಅವ್ವ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಪುಟ್ಟತಾಯಮ್ಮ" ಎಂದೆ.

ಅವರು ತಲೆಯಾಡಿಸಿ, "ಪುಟ್ಟತಾಯಮ್ನೋರು" ಎಂದು ಒಂದು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಕೆಳಗೆ ಬಗ್ಗಿ, ಒಂದು ನೀಲಿ ಚೂರು ಎತ್ತಿಕೊಂಡರು. ಕೈ ನಡುಗಲಿಲ್ಲ. ನಾನು ಈ ಸಲ ನೋಡಿದೆ.

ನಿಮ್ಮ ಸೊಸೆ,
ಸವಿತಾ